ಸಾಹೇಬರಿಗೆಂದು ಹುರಿದ ಕಾಫಿ

ಕಾಫಿ ಬೀಜ ಹುರಿಯುವುದು ಅಂಥ ಬ್ರಹ್ಮವಿದ್ಯೆಯೇನಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಶೇಂಗಾ ಹುರಿಯಬಲ್ಲವನು, ಕಡಲೆ ಹುರಿಯಬಲ್ಲವನು, ಕಾಫಿ ಬೀಜ ಹುರಿಯಲಾರನೇ? ಖಂಡಿತ ಹುರಿಯಬಲ್ಲ! ತೊಂದರೆಯೆಂದರೆ, ಆಮೇಲೆ ಅದನ್ನು ಯಾರಾದರೂ ಕುಡಿಯಬೇಕಾಗುತ್ತದೆ.

ಆಗ ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶಹಾಪುರದ ನಮ್ಮ ಕಚೇರಿಗೆ ಮೈಸೂರಿನ ಕಡೆಯ ಸಾಹೇಬರೊಬ್ಬರು ಬಂದರು. ಅವರೂ ನಾವೂ ಒಂದೇ ಭಾಷೆಯವರೆಂದು ಹಾರ ಹಾಕಿ ಬರಮಾಡಿಕೊಂಡೆವು. ಮರುದಿನದಿಂದ ನಾವು ಹೇಳಿದ್ದು ಅವರಿಗೆ ತಿಳಿಯಲಿಲ್ಲ, ಅವರು ಹೇಳಿದ್ದು ನಮಗೆ ತಿಳಿಯಲಿಲ್ಲ. “ಸ್ವಲ್ಪ ಶುದ್ಧವಾಗಿ ಮಾತಾಡ್ರೀ” ಎಂದದ್ದು ಮಾತ್ರ ಚೆನ್ನಾಗಿ ತಿಳಿಯಿತು.

ಕಚೇರಿಯ ಇಬ್ಬರು ಗುಮಾಸ್ತರಲ್ಲಿ ಒಬ್ಬರನ್ನು ಕೆಂಭಾವಿಗೆ ವರ್ಗ ಮಾಡಬೇಕಾಗಿತ್ತು. ಒಬ್ಬ ನಾನು. ಇನ್ನೊಬ್ಬರು ಪಕ್ಕದ ಮನೆಯ ರಸೂಲ್ ಸಾಬರು. ನನ್ನ ಹೆಂಡತಿ ಶರಣಮ್ಮನ ತವರುಮನೆ ಶಹಾಪುರದಲ್ಲೇ, ನಮ್ಮ ಹಿಂದಿನ ಓಣಿಯಲ್ಲಿ. ಆಕೆ ತನ್ನ ತೀರ್ಪನ್ನು ಮೊದಲೇ ಹೇಳಿಬಿಟ್ಟಿದ್ದಳು: “ಕೆಂಭಾವಿಗಿ ನೀವ್ ಒಬ್ರೇ ಹೋಗ್ರಿ. ನಾ ಬರಂಗಿಲ್ಲ. ರೊಟ್ಟಿ ನೀವೇ ಬಡ್ಕೋರಿ.”

ಅಂಥದ್ದರಲ್ಲಿ ಸಾಹೇಬರು ಒಂದು ದಿನ ಕಚೇರಿಯಲ್ಲಿ ನಿಟ್ಟುಸಿರು ಬಿಟ್ಟರು. “ಎಂಥ ಊರು ಇದು! ಎಲ್ಲಿ ನೋಡಿದ್ರೂ ಚಹಾ. ಒಂದು ಲೋಟ ಕಾಫಿಗೆ ಗತಿಯಿಲ್ಲ.”

ನಾನು ತಟ್ಟನೆ ಎದ್ದು ನಿಂತೆ. “ನಮ್ ಮನ್ಯಾಗ ಚಹಾ ಹೊಸ್ತಿಲಾ ದಾಟಂಗಿಲ್ರಿ ಸರ್! ದಿನಾ ಕಾಫೀನೇ. ಐತವಾರ ಅಮ್ಮಾರ್ನ ಕರ್ಕೊಂಡು ಬರ್ರಿ.”

ಹೀಗೆ ಹೇಳುವಾಗ ನನ್ನ ಬಾಯಿಂದ ಚಹಾದ ವಾಸನೆ ಬರುತ್ತಿತ್ತು.

ಯಾದಗಿರಿ ಸ್ಟೇಷನ್ ಹತ್ತಿರದ ವ್ಯಾಪಾರಿಯೊಬ್ಬ ಮದ್ರಾಸಿನ ಕಡೆಯಿಂದ ಕಾಫಿ ತರಿಸಿಕೊಟ್ಟ. ಪೊಟ್ಟಣ ಬಿಚ್ಚಿದರೆ, ಹಸಿರು ಬೀಜ! ಶರಣಮ್ಮ ಒಂದನ್ನು ಕಚ್ಚಿ ನೋಡಿದಳು.

“ಇದೇನ್ ಕಾಳ್ರಿ? ನೆನಿ ಹಾಕ್ಲೇನು?”

“ನಿನಗೇನ್ ಗೊತ್ತದ? ಸುಮ್ನ ಒಲಿ ಹಚ್ಚು.”

ನಮ್ಮಲ್ಲಿ ಕಡಲೆ ಹುರಿಯುವವರು ಮೊದಲು ಉಪ್ಪು, ಅರಿಶಿನದ ನೀರು ಚಿಮುಕಿಸುತ್ತಾರೆ. ಕಾಳು ಹದಕ್ಕೆ ಬರುತ್ತದೆ, ಸಿಪ್ಪೆ ಬಿಡುತ್ತದೆ. ಬೀಜ ಯಾವುದಾದರೇನು, ಶಾಸ್ತ್ರ ಶಾಸ್ತ್ರವೇ! ನಾನೂ ಧಾರಾಳವಾಗಿ ಚಿಮುಕಿಸಿ, ರೊಟ್ಟಿಯ ಹಂಚಿನ ಮೇಲೆ ಹುರಿದೆ. ತೆಳ್ಳಗಿನ ಸಿಪ್ಪೆ ಹಾರಿತು, ಬೀಜ ಶೇಂಗಾ ಬಣ್ಣಕ್ಕೆ ಬಂತು. ವಿಜಯದ ನಗೆ ಬೀರಿ ಒಂದನ್ನು ಕಡಿದೆ. ಹಲ್ಲು ಅಲುಗಾಡಿತು. ಬೀಜ ಅಲುಗಾಡಲಿಲ್ಲ.

ಇರಲಿ, ಕುಟ್ಟಿದರೆ ಪುಡಿಯಾಗುತ್ತದೆ ಎಂದು ಒಳಕಲ್ಲಿಗೆ ಸುರಿದೆ. ಹಿಂದಿನ ದಿನವಷ್ಟೇ ಶರಣಮ್ಮ ಅದರಲ್ಲಿ ಬೆಳ್ಳುಳ್ಳಿ ಹಾಕಿ ಶೇಂಗಾ ಚಟ್ನಿ ಕುಟ್ಟಿದ್ದಳು.

“ಅದು ತೊಳದಿಲ್ರಿ” ಎಂದಳು.

“ಹೊತ್ತಿಲ್ಲ” ಎಂದೆ.

ಒನಕೆಯ ಪೆಟ್ಟಿಗೆ ಬೀಜಗಳು ಪುಟಿದು ದೇವರ ಜಗಲಿಯವರೆಗೂ ಹಾರಿದವು. ಅರ್ಧ ಮುರಿದವು, ಅರ್ಧ ಓಡಿಹೋದವು. ಸಿಕ್ಕವನ್ನೆಲ್ಲ ಬಳಿದು ಮತ್ತೆ ಹಂಚಿಗೆ ಹಾಕಿ, ಈ ಸಲ ದಯೆ ದಾಕ್ಷಿಣ್ಯ ಬಿಟ್ಟು ಉರಿ ಹೆಚ್ಚಿಸಿದೆ. ಬೀಜ ಕಪ್ಪಾಯಿತು. ಗೋಡೆ ಕಪ್ಪಾಯಿತು. ಹೊಗೆಯಲ್ಲಿ ಶರಣಮ್ಮ ಕಾಣದಾದಳು, ಕೆಮ್ಮು ಮಾತ್ರ ಕೇಳುತ್ತಿತ್ತು. ಹೊರಗೆ ಓಣಿಯಲ್ಲಿ ಯಾರೋ ಹೆಂಗಸು ಕೂಗಿದಳು: “ಯಾರವ್ವಾ ಅದು, ತೊಗಲ ಸುಡಾಕತ್ತಾರ?”

ಅಷ್ಟರಲ್ಲಿ ರಸೂಲ್ ಸಾಬರು ನೀರು ತುಂಬಿದ ಕೊಡ ಹೊತ್ತು ನುಗ್ಗಿಬಂದರು. “ಬೆಂಕಿ ಹತ್ಯಾದ! ಸರೀರಿ, ಸರೀರಿ!” ಎಂದವರೇ ಹಂಚು, ಒಲೆ, ನಾನು, ಎಲ್ಲರ ಮೇಲೂ ಸುರಿದುಬಿಟ್ಟರು.

“ಕಾಫಿ ಮಾಡಾಕತ್ತೇನ್ರಿ!” ಎಂದು ಚೀರಿದೆ.

“ತೋಬಾ ತೋಬಾ! ಮೊದ್ಲೇ ಹೇಳ್ಬೇಕಲ್ರಿ ಭಾಯಿ? ನಾ ಮನೀನೇ ಹೋಯ್ತು ಅನ್ಕೊಂಡೆ” ಎಂದು ಪೇಚಾಡುತ್ತ ಹೋದರು.

ಸಾಹೇಬರು ಬರುವ ಹೊತ್ತಾಗಿತ್ತು. ಒದ್ದೆ ಇದ್ದಲಾಗಿದ್ದ ಬೀಜವನ್ನು ಜಜ್ಜಿ, ಒಲೆ ಮತ್ತೆ ಹೊತ್ತಿಸಿ, ಚಹಾ ಕುದಿಸುವಂತೆಯೇ ಹಾಲು ಸಕ್ಕರೆ ಹಾಕಿ ಗಳಗಳ ಕುದಿಸಿದೆವು.

ಸಾಹೇಬರು ಒಂದು ಗುಟುಕು ಕುಡಿದರು. ಆಮೇಲೆ ಲೋಟವನ್ನು ಕೆಳಗಿಟ್ಟು ದೂರ ಸರಿಸಿದರು. ಅವರ ಹೆಂಡತಿ ಮೆಲ್ಲಗೆ ಕೇಳಿದರು: “ಇದಕ್ಕೆ ಬೆಳ್ಳುಳ್ಳಿ ಹಾಕ್ತೀರಾ?”

“ಹೌದ್ರಿ ಅಮ್ಮಾರ. ನಮ್ ಕಡಿ ಪದ್ಧತಿರಿ.”

ನನ್ನ ಮಾನದ ಜೊತೆಗೆ ಇಡೀ ಸೀಮೆಯ ಮಾನವನ್ನೂ ಹೀಗೆ ಹರಾಜು ಹಾಕಿದೆ. ಬಾಗಿಲ ಮರೆಯಲ್ಲಿ ಶರಣಮ್ಮ ಹಣೆ ಹಣೆ ಬಡಿದುಕೊಂಡಳು.

ಆಗ ಬಂದರು ರಸೂಲ್ ಸಾಬರು, ಕೈಯಲ್ಲಿ ಕಿಟ್ಲಿ ಹಿಡಿದು. “ಸಲಾಂ ಸರ್. ನೀರು ಚೆಲ್ಲಿ ಇವ್ರ ಕೆಲ್ಸ ಕೆಡಿಸೇನ್ರಿ. ಮನ್ಯಾಗ ಚಾ ಮಾಡಿದ್ರು, ತಂದೇನಿ.”

ಸಾಹೇಬರು ಕುಡಿದರು. ಕಣ್ಣು ಮುಚ್ಚಿದರು. “ಇನ್ನೊಂದು ಕಪ್ ಸಿಗುತ್ತಾ?” ಎಂದರು! ಎರಡನೆಯದನ್ನೂ ಮುಗಿಸಿದರು. ರಸೂಲ್ ಸಾಬರು ನನಗೂ ಒಂದು ಕಪ್ ನೀಡಿದರು. ಆಸೆಯಿಂದ ಕೈ ಚಾಚಿದೆ.

“ಅವರಿಗೆ ಬೇಡ” ಎಂದು ಸಾಹೇಬರು ತಡೆದರು. “ಅವರ ಮನೇಲಿ ಚಹಾ ಹೊಸ್ತಿಲು ದಾಟೋ ಹಾಗಿಲ್ಲ. ಅವರಿಗೆ ಕಾಫೀನೇ ಕೊಡಿ.”

ಗಂಡಹೆಂಡತಿ ಇಬ್ಬರೂ ಕುಡಿಯದೆ ಬಿಟ್ಟಿದ್ದನ್ನೆಲ್ಲ ಅವರ ಎದುರಿಗೇ ಕುಡಿದೆ. ನಗುನಗುತ್ತ ಕುಡಿದೆ!

ಸೋಮವಾರ ಸಾಹೇಬರು ಒಳಗೆ ಕರೆದರು. “ನಿಮ್ಮಂಥ ಸುಧಾರಿಸಿದವರು ಕೆಂಭಾವಿಗೇ ಬೇಕು ಕಣ್ರೀ” ಎಂದರು. ಹೊರಡುವಾಗ ಮತ್ತೆ ಕೂಗಿದರು. “ನೋಡಿ, ಆ ಜನಕ್ಕೆ ಇನ್ನೂ ಕಾಫಿ ಗೊತ್ತಿಲ್ಲವಂತೆ. ಗೊತ್ತಾಗೋದೂ ಬೇಡ.”

ಮನೆಗೆ ಬರುವಾಗ ನಿಜಕ್ಕೂ ಅಳು ಬರುವಂತಾಗಿತ್ತು. ಒಬ್ಬನೇ ಹೋಗಬೇಕು, ಒಬ್ಬನೇ ಉಣ್ಣಬೇಕು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು; ಬಂದು ನೋಡಿದರೆ ಶರಣಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಳೆ!

“ನೀನೂ ಬರ್ತಿಯೇನ?” ಎಂದೆ. ಎಷ್ಟಾದರೂ ಕೈ ಹಿಡಿದವಳು!

“ಬರ್ದೇ ಏನ್ ಮಾಡ್ಲಿರಿ? ನಿಮ್ಮನ್ನ ಒಬ್ರನ್ನೇ ಒಲಿ ಮುಂದ ಬಿಟ್ರ ಊರಿಗೂರೇ ಸುಡ್ತೀರಿ.”

ಹೀಗೆ, ಕೆಂಭಾವಿಯ ಜನರ ಮೇಲಿನ ಕನಿಕರದಿಂದ, ನನ್ನ ಹೆಂಡತಿ ನನ್ನ ಜೊತೆಗೆ ಬಂದಳು.