ಮಾವ ಮಗುಚಿದ ಕೊಡಗಳು

ನಮ್ಮ ಸೋದರಮಾವನನ್ನು ಮನೆಗೆ ಕರೆಯುವುದಾದರೆ ಮೊದಲು ನೀರಿನ ಕೊಡ ಬಚ್ಚಿಡಿ! ಚಿನ್ನ ಬೆಳ್ಳಿ ಹೊರಗೇ ಬಿದ್ದಿರಲಿ, ಅವನು ಕಣ್ಣೆತ್ತಿಯೂ ನೋಡುವುದಿಲ್ಲ. ಸೀದಾ ಅಡುಗೆಮನೆಗೆ ನುಗ್ಗಿ, ಕೊಡವನ್ನೆತ್ತಿ ಬಚ್ಚಲಿಗೆ ಮಗುಚಿ, ಆಮೇಲೆ "ಆರಾಮ ಅದೀರೇನ್ರಿ?" ಎಂದು ಕೇಳುವ ಆಸಾಮಿ. ಇಂಥವನ ಮೇಲೆ ಸಿಟ್ಟು ಬಾರದೆ ಇನ್ನೇನು ಬರಬೇಕು?

ಈ ಕಾಟ ಶುರುವಾದದ್ದು ಅವನು ನಿಪ್ಪಾಣಿಯಿಂದ ನೀರು ಶುದ್ಧ ಮಾಡುವ ಯಂತ್ರ ತಂದ ಮೇಲೆ. ನಮ್ಮೂರ ನಲ್ಲಿಗೆ ಬರುವುದು ಹೊಳೆಯ ನೀರು. ಮೇಲಿನ ಊರುಗಳ ಕೊಳೆಯೆಲ್ಲ ಅದರಲ್ಲೇ! ಮಳೆಗಾಲದಲ್ಲಂತೂ ಅದಕ್ಕೆ ಚಹಾದ ಬಣ್ಣ. ಯಂತ್ರ ಮೊದಲು ಕೆಸರು ಸೋಸಿ, ಆಮೇಲೆ ನೀರನ್ನು ನೇರಳಾತೀತ ಬೆಳಕಿನ ದೀಪದ ಮುಂದೆ ಹಾಯಿಸುತ್ತದೆ.

"ಆ ಬೆಳಕು ಜಂತು ಕೊಲ್ಲತೈತೇನ ಮಾಮಾ?" ಎಂದು ಕೇಳಿದೆ.

"ಕೊಲ್ಲೋದೇನ ಬಂತಲೇ! ಅವಕ್ಕ ಮಕ್ಕಳಾಗದಂಗ ಮಾಡತೈತಿ. ಹೊಟ್ಟ್ಯಾಗ ಹೋದ್ರೂ ವಂಶ ಬೆಳೆಯಂಗಿಲ್ಲ. ಆಪರೇಶನ್ ಆದಂಗ!"

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೇ ಕೈಮುಗಿಯುತ್ತಿದ್ದೆ. ಆದರೆ ದೀಪದ ಕಾವಲು ಅದರ ಮುಂದೆ ಹಾಯುವ ನೀರಿಗೆ ಮಾತ್ರ. ಆಚೆ ಬಂದ ನೀರನ್ನು ಹಳೆಯ ನೀರಿನ ಮೇಲೆ ಸುರಿದರೆ ಎಲ್ಲ ವ್ಯರ್ಥ! ಇದು ಮಾವನ ತಲೆಯಲ್ಲಿ ಹೊಕ್ಕು ಕುಳಿತಿತ್ತು. ನಮ್ಮ ಕಡೆ ಕೊಡ ಪೂರ್ತಿ ಬರಿದು ಮಾಡುವವರು ಯಾರಿದ್ದಾರೆ? ತಳದಲ್ಲಿ ತಂಬಿಗೆಯಷ್ಟು ಉಳಿಸಿಯೇ ಮೇಲೆ ತುಂಬುವುದು. ಕೊಡ ಮಗುಚುವುದು ಮನೆಯಲ್ಲಿ ಸಾವಾದಾಗ ಮಾತ್ರ.

ನನಗೆ ಹೆಣ್ಣು ನೋಡಲು ಅಥಣಿಗೆ ಹೋಗಿದ್ದೆವು. ಬೆಲ್ಲ, ನೀರು ಬಂತು. ಮಾವ ತಂಬಿಗೆಯೊಳಗೆ ಇಣುಕಿದ, ಎದ್ದ, ಒಳಗೆ ಹೋದ. ದಬದಬ ನೀರು ಚೆಲ್ಲಿದ ಸದ್ದು! ಹುಡುಗಿಯ ಅಪ್ಪ ಕೆಂಡಾಮಂಡಲವಾದರು.

"ನಮ್ಮನ್ಯಾಗ ಯಾರ ಸತ್ತಾರಂತ ಕೊಡಾ ಡಬ್ಬ ಹಾಕೀರಿ?"

"ಇನ್ನೂ ಸತ್ತಿಲ್ರಿ. ಹಿಂಗ ಕುಡಕೋಂತ ಹೋದ್ರ ಸಾಯ್ತೀರಿ!"

ಸಂಬಂಧ ಅಲ್ಲಿಗೇ ಮುರಿಯಿತು. ಕೊನೆಗೆ ನನ್ನ ಮದುವೆ ಗೊತ್ತಾದದ್ದು ಅವನಿಗೆ ಹೇಳದೆ ರಾಯಬಾಗಕ್ಕೆ ಹೋದಾಗ!

ಆದರೆ ಅವನ ನಿಜವಾದ ಯುದ್ಧ ತನ್ನ ಅಕ್ಕನ ಜೊತೆ, ಅಂದರೆ ನಮ್ಮವ್ವನ ಜೊತೆ. ಪ್ರತಿ ಮಳೆಗಾಲ ಅವ್ವನಿಗೆ ವಾಂತಿ ಭೇದಿ. ಮಾವ ದಿನವೂ ತನ್ನ ಯಂತ್ರದ ನೀರು ಕಳಿಸುತ್ತಿದ್ದ. ಅವ್ವ ಅದನ್ನು ಹಳೆಯ ನೀರಿನ ಮೇಲೇ ಸುರಿಯುತ್ತಿದ್ದಳು. ಈ ವರ್ಷ ಸಲೈನ್ ಹಚ್ಚಿದ ಡಾಕ್ಟರು, ಇನ್ನೊಮ್ಮೆ ಹೀಗಾದರೆ ಜೀವ ತಡೆಯುವುದಿಲ್ಲ ಎಂದರು. ಸುದ್ದಿ ಕೇಳಿ ಬಂದ ಮಾವ ಕೊಡ ಎತ್ತಿ ಅವಳ ಕಣ್ಣೆದುರೇ ಮಗುಚಿದ.

ನನ್ನ ಮೈ ಉರಿದುಹೋಯಿತು. ಮಲಗಿದ ಮುದುಕಿಯ ಎದುರು ಇದೆಂಥ ದರ್ಪ! "ಮಾಮಾ, ಹೊರಗ ನಡಿ!" ಎಂದು ಕೂಗಿದೆ. ಅವ್ವ ಎದ್ದು ಕುಳಿತು ನನಗಿಂತ ಜೋರಾಗಿ ಕೂಗಿದಳು.

"ಇವನ ಅಪ್ಪ ಜೀವಾ ಬಿಡೂವಾಗ ನೀರ ಕೇಳಿದ್ರು. ಕೊಡದಾಗ ಹನಿ ಇರಲಿಲ್ಲ. ಬಾಜೂ ಮನಿಗೆ ಓಡಿ ತರೂದ್ರಾಗ ಹೋಗಿಬಿಟ್ಟಿದ್ರು. ಅವತ್ತಿಂದ ನಾ ಕೊಡಾ ಬರಿದು ಮಾಡಿಲ್ಲೋ, ಪಾಪಿ!"

ಮಾವ ತಲೆ ತಗ್ಗಿಸಿ ಹೊರಟುಹೋದ. ಪೀಡೆ ತೊಲಗಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನೋಡಿದರೆ ಬಾಗಿಲಲ್ಲಿ ಮತ್ತೆ ಅವನೇ! ಹೆಗಲ ಮೇಲೆ ಹೊಸ ತಾಮ್ರದ ಕೊಡ, ಕಂಠಮಟ ನೀರು. ಅಂಗಿ ಒದ್ದೆ, ಏದುಸಿರು. ಜನ್ಮದಲ್ಲಿ ಮೊದಲ ಸಲ ಹೊಸ್ತಿಲಲ್ಲಿ ನಿಂತು ಕೇಳಿದ: "ಅಕ್ಕಾ, ಒಳಗ ಬರಲ್ಯಾ?"

ಅವ್ವ ಮುಖ ತಿರುಗಿಸಿದಳು. ಅವನು ಮೆಲ್ಲಗೆ ಬಂದು ನಾನು ನಿನ್ನೆಯೇ ಮತ್ತೆ ನಲ್ಲಿಯ ನೀರು ತುಂಬಿಸಿಟ್ಟಿದ್ದ ಹಳೆಯ ಕೊಡದ ಪಕ್ಕ ಹೊಸದನ್ನು ಇಟ್ಟ.

"ನೋಡಬೇ, ತುಂಬಿದ್ದು ಇಲ್ಲೇ ಐತಿ. ಇನ್ನ ದಿನಾ ಮೊದಲ ತುಂಬಿದ್ದ ಇಟ್ಟ, ಆಮ್ಯಾಲ ಹಳೇದು ತಗೀತೀನಿ. ನಿನ್ನ ಮನ್ಯಾಗ ನೀರ ಇಲ್ಲಂತ ಒಂದ ಗಳಿಗೀನೂ ಆಗಂಗಿಲ್ಲ. ಈಗ ಚೆಲ್ಲಲ್ಯಾ?"

ಅವ್ವ ಎರಡೂ ಕೊಡಗಳನ್ನು ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ಹೊಸ ಕೊಡದಿಂದ ಒಂದು ತಂಬಿಗೆ ನೀರು ಬಗ್ಗಿಸಿ ತಮ್ಮನ ಮುಂದೆ ಹಿಡಿದಳು. ದನಿಯಲ್ಲಿ ಮಾತ್ರ ಇನ್ನೂ ಸಿಟ್ಟೇ.

"ಕುಡಿ ಮೊದಲ. ಕಂಡ ಮಂದೀ ನೀರೆಲ್ಲಾ ಚೆಲ್ಲಕೋಂತ ಅಡ್ಡಾಡತಿ. ನಿನಗ ಯಾರ ನೀರ ಕೊಡತಾರೋ, ಹುಚ್ಚಾ?"