ಪಾಂಡು ಬೊಗಳುವುದಿಲ್ಲವಂತೆ

ನಮ್ಮ ಚಿಕ್ಕಮ್ಮನ ನಾಯಿ ಪಾಂಡು ಬೊಗಳುವುದೇ ಇಲ್ಲ. ಇದು ಚಿಕ್ಕಮ್ಮನ ಹೇಳಿಕೆ. ನಾನು ವರದಿ ಮಾಡುತ್ತಿದ್ದೇನೆ, ಅಷ್ಟೆ. ಇಪ್ಪತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ಎರಡೂ ಕಡೆಯವರ ಮಾತು ಹಾಕುವ ಚಟ ಅಂಟಿರುತ್ತದೆ. ಇನ್ನೊಂದು ಕಡೆಯವನು ನಾನೇ. ನನ್ನ ಹೇಳಿಕೆ ಹೀಗಿದೆ: ಆ ಪ್ರಾಣಿ ಬೆಳಗ್ಗೆ ಏಳಕ್ಕೆ ಬಾಯಿ ತೆರೆದರೆ ಶಿವಮೊಗ್ಗದ ರಾಗಿಗುಡ್ಡದ ಬಂಡೆಗಳೂ ಎದ್ದು ಕೂರಬೇಕು.

ಚಿಕ್ಕಮ್ಮ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಡುವ ಹೊತ್ತಿಗೆ ಶಿವಮೊಗ್ಗದಲ್ಲಿ ನನ್ನ ಪಕ್ಕದ ಮನೆ ಖಾಲಿಯಿತ್ತು. ಮಹಡಿಯಲ್ಲಿ ಎರಡು ಮನೆ, ನಡುವೆ ಒಂದೇ ಗೋಡೆ, ಕೆಳಗೆ ಮಾಲೀಕರು. ನಾನೇ ಮುಂದೆ ನಿಂತು ಮಾತಾಡಿ ಕೊಡಿಸಿದೆ. ಪಾಂಡುವಿನ ಸುದ್ದಿಯನ್ನು ಚಿಕ್ಕಮ್ಮ ಎತ್ತಿರಲೇ ಇಲ್ಲ. ಸಾಮಾನಿನ ಲಾರಿ ಬಂದು ನಿಂತಾಗ ನೋಡುತ್ತೇನೆ, ಮಂಚದ ಮೇಲೆ ಒಂದು ಕಂದು ಬಣ್ಣದ ಬೀದಿನಾಯಿ ಕೂತಿದೆ, ಹೆಣ್ಣು ಕೊಟ್ಟ ಮಾವನ ಮನೆಗೆ ಬಂದ ಅಳಿಯನ ಗತ್ತಿನಲ್ಲಿ.

ಪುಟಗಳನ್ನು ಮುದ್ರಣಕ್ಕೆ ಕಳಿಸಿ ಬರುವ ನಾನು ಮಲಗುವುದೇ ಬೆಳಗಿನ ಜಾವ. ಏಳಕ್ಕೆ ಪಾಂಡುವಿನ ಮೊದಲ ಆವೃತ್ತಿ. ಅದರ ಬೆನ್ನಿಗೇ ಚಿಕ್ಕಮ್ಮನ ದನಿ: "ಹಾಂ, ಹೇಳಪ್ಪ. ಬಂದೆ, ಲೈನಲ್ಲಿರು." ಬಂದ ಕರೆಯನ್ನು ಕಾಯಿಸಬಾರದು ಎಂಬುದು ಅವರ ಸ್ವಿಚ್‌ಬೋರ್ಡಿನ ಧರ್ಮ. ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಸಿಗುತ್ತಿದ್ದ ಮರ್ಯಾದೆ ಈಗ ಈ ನಾಯಿಗೆ ಸಿಗುತ್ತಿತ್ತು.

"ಚಿಕ್ಕಮ್ಮ, ಬೊಗಳಿದಾಗೆಲ್ಲ ನೀವು ಓಡಿ ಹೋದ್ರೆ ಅದು ಇನ್ನೂ ಬೊಗಳುತ್ತೆ."

"ಬೊಗಳೋದಲ್ಲ ಕಣೋ. ಏನೋ ಹೇಳ್ತಿರುತ್ತೆ."

"ಏನು ಹೇಳುತ್ತೆ?"

"ಅದು ನಮ್ಮಿಬ್ಬರ ವಿಷ್ಯ. ಬೇರೆಯೋರ ಲೈನಿಗೆ ಕಿವಿ ಕೊಡೋ ಬುದ್ಧಿ ನಂಗೇ ಇರ್ಲಿಲ್ಲ, ನಿಂಗ್ಯಾಕೆ ಮಾರಾಯ?"

ನಾನು ಬಿಸ್ಕತ್ತು ತಂದೆ. ಬೊಗಳಿದ ಕೂಡಲೇ ಕಿಟಕಿಯಿಂದ ಒಂದು ಎಸೆಯುವುದು, ಬಾಯಿ ಮುಚ್ಚಿಸುವುದು. ಮೂರನೆಯ ದಿನ ಪಾಂಡು ನನ್ನ ಬಾಗಿಲಿಗೇ ಬಂದು, ಒಮ್ಮೆ ಬೊಗಳಿ, ಬಾಲ ಅಲ್ಲಾಡಿಸುತ್ತ ಕಾಯತೊಡಗಿತು. ಬೊಗಳಿದರೆ ಬಿಸ್ಕತ್ತು ಎಂಬ ಪಾಠ ಹೇಳಿಕೊಟ್ಟ ಗುರು ನಾನೇ ಆಗಿದ್ದೆ. ಚಿಕ್ಕಮ್ಮನಿಗೆ ಪರಮ ಸಂತೋಷ. "ನೋಡು, ನೀನೂ ಉತ್ತರ ಕೊಡೋಕೆ ಶುರು ಮಾಡ್ದೆ."

ಮಾಲೀಕರು ಅಡಿಕೆ ಮಂಡಿಯವರು. ಮಂಡಿಯ ಗದ್ದಲದಲ್ಲಿ ಪಳಗಿದ ಗಂಟಲು; ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತದೆ. ಅವರು ಮೆಟ್ಟಿಲ ಕೆಳಗೆ ನಿಂತೇ ತೀರ್ಪು ಕೊಟ್ಟರು: "ಮೇಡಂ, ತಿಂಗಳ ಕೊನೇ ಭಾನುವಾರ ಇದನ್ನ ಗಾಜನೂರಿನ ನಮ್ಮ ತೋಟಕ್ಕೆ ಬಿಟ್ಟು ಬರ್ತೀನಿ. ಇಲ್ಲಾಂದ್ರೆ ನೀವು ಬೇರೆ ಮನೆ ನೋಡ್ಕೊಳ್ಳಿ."

ಆ ದಿನವಿಡೀ ಚಿಕ್ಕಮ್ಮ ನನ್ನ ಜೊತೆ ಮಾತಾಡಲಿಲ್ಲ. ದೂರು ಕೊಟ್ಟವನು ನಾನೇ ಎಂದು ಅವರಿಗೆ ಗುಮಾನಿ. ಗುಮಾನಿ ಸರಿಯಾಗಿಯೇ ಇತ್ತು.

ಆದರೂ ನಾಯಿಯನ್ನು ಗಡಿಪಾರು ಮಾಡಿಸಿದ ಪಾಪ ಯಾಕೆ ಎಂದು ಪಶುವೈದ್ಯರೊಬ್ಬರನ್ನು ಕೇಳಿದೆ. ಅವರು ನಕ್ಕರು. "ಕಾರಣ ಇಲ್ದೆ ಬೊಗಳಲ್ಲ ಸಾರ್. ಬೊಗಳೋಕೆ ಮುಂಚೆ ಏನಾಯ್ತು ಅಂತ ಒಂದು ವಾರ ಬರೆದಿಡಿ." ಬರೆಯುವುದು ನನ್ನ ಕಸುಬು. ನಿದ್ದೆ ಹೇಗೂ ಹೋಗಿತ್ತು. ನೋಟ್‌ಬುಕ್ ಹಿಡಿದು ಗೋಡೆಗೆ ಕಿವಿಯಿಟ್ಟು ಕೂತೆ.

ಹಾಲಿನವನು ಬೆಲ್ ಒತ್ತಿದ, ಯಾರೂ ಬರಲಿಲ್ಲ, ಮತ್ತೆ ಒತ್ತಿದ, ಬೊಗಳಿತು. ಕುಕ್ಕರ್ ನಾಲ್ಕನೇ ಸಲ ಕೂಗಿತು, ಬೊಗಳಿತು. ಫೋನು ಹೊಡೆದುಕೊಂಡೇ ಇತ್ತು, ಬೊಗಳಿತು. ಸೋಗಾನೆ ನಿಲ್ದಾಣಕ್ಕೆ ಇಳಿಯುವ ವಿಮಾನ ತಲೆಯ ಮೇಲೇ ಹೋಯಿತು, ಬೊಗಳಲಿಲ್ಲ. ಕಾಂಪೌಂಡಿನ ಮೇಲೆ ಬೆಕ್ಕು, ಬೊಗಳಲಿಲ್ಲ. ಕೆಳಗೆ ಮಾಲೀಕರು ಯಾರಿಗೋ ಬೈದರು, ಬೊಗಳಲಿಲ್ಲ.

ವಾರದ ಕೊನೆಗೆ ಎಲ್ಲ ಒಟ್ಟಿಗೆ ಓದಿದೆ. ಓದಿ, ಎದ್ದು, ಪಕ್ಕದ ಮನೆಗೆ ಹೋದೆ. ಚಿಕ್ಕಮ್ಮ ಬಾಗಿಲಿಗೆ ಬೆನ್ನು ಮಾಡಿ ಅವರೆಕಾಳು ಬಿಡಿಸುತ್ತಿದ್ದರು. "ಚಿಕ್ಕಮ್ಮ," ಎಂದೆ. ಮತ್ತೊಮ್ಮೆ ಕರೆದೆ. ಮೂರನೆಯ ಸಲ ಕರೆದಾಗ ಪಾಂಡು ನನ್ನ ಮುಖ ನೋಡಿತು, ಅವರ ಬೆನ್ನು ನೋಡಿತು, ಒಮ್ಮೆ ಬೊಗಳಿತು. ಚಿಕ್ಕಮ್ಮ ತಿರುಗಿದರು. ನನ್ನನ್ನು ಕಂಡು ಅವರ ಕೈ ನಿಂತಿತು.

"ಎಷ್ಟು ದಿನದಿಂದ?" ಎಂದು ಗಟ್ಟಿಯಾಗಿ ಕೇಳಿದೆ.

"ಎರಡು ವರ್ಷ ಆಯ್ತು. ಎದುರು ನಿಂತು ಮಾತಾಡಿದ್ರೆ ಕೇಳುತ್ತೆ, ಇದರ ದಪ್ಪ ದನೀನೂ ಕೇಳುತ್ತೆ, ಮಿಕ್ಕಿದ್ದಿಲ್ಲ. ಯಾರಿಗೂ ಹೇಳ್ಬೇಡ ಕಣೋ. ಬರೀ 'ಹಲೋ' ಅಂದ್ರೆ ಸಾಕು, ಇಂಥೋರು ಅಂತ ಹೇಳ್ತಿದ್ದೆ. ಅಂಥೋಳು ಈಗ ಕಿವಿಗೆ ಮಿಷಿನ್ ಸಿಗಿಸ್ಕೊಂಡು ಓಡಾಡಿದ್ರೆ ಭದ್ರಾವತಿಯೋರು ನಗಲ್ವಾ?"

ನಾನು ಸಿಟ್ಟು ಮಾಡಿದೆ. ಮಾಡದೆ ಏನು? ಒಬ್ಬರ ಜಂಬಕ್ಕೆ ಮನೆಯೆಲ್ಲ ಜಾಗರಣೆ, ನಾಯಿಗೆ ಪುರುಸೊತ್ತಿಲ್ಲದ ದುಡಿಮೆ, ಅದರ ಮೇಲೆ ಅದಕ್ಕೇ ಶಿಕ್ಷೆ. ಇದ್ಯಾವ ನ್ಯಾಯ? ಚಿಕ್ಕಮ್ಮ ಕೇಳಿಸಿಕೊಳ್ಳಲಿಲ್ಲ. ಅದು ಕಿವಿಯ ದೋಷವೋ ಸ್ವಭಾವವೋ, ಖಚಿತಪಡಿಸಿಕೊಳ್ಳಲು ಸಾಧ್ಯವಾಗಿಲ್ಲ.

ಭಾನುವಾರ ಮಾಲೀಕರು ಹಗ್ಗ ಹಿಡಿದು ಮೇಲೆ ಬಂದರು. "ಇವರೇ ಹೇಳ್ಲಿ ಮೇಡಂ, ಪೇಪರ್‌ನೋರು. ದಿನಕ್ಕೆ ಎಷ್ಟು ಸಲ ಬೊಗಳುತ್ತೆ ಅಂತ."

ಲೆಕ್ಕ ನನ್ನ ಜೇಬಿನಲ್ಲೇ ಇತ್ತು. ಚಿಕ್ಕಮ್ಮ ನನ್ನನ್ನು ನೋಡಿದರು. ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟಿರಲಿಲ್ಲ. ಆದರೂ ನೋಟ್‌ಬುಕ್ ಹೊರಗೆ ತೆಗೆಯಲಿಲ್ಲ. ಮಾಲೀಕರು ಬಗ್ಗಿ ಪಾಂಡುವಿನ ಕುತ್ತಿಗೆಗೆ ಹಗ್ಗ ಹಾಕಿದರು. ಅದು ತಕರಾರಿಲ್ಲದೆ ಕತ್ತು ಕೊಟ್ಟಿತು.

"ಬಿಡಿ ಅದನ್ನ," ಎಂದರು ಚಿಕ್ಕಮ್ಮ. "ತಪ್ಪು ಅದರದಲ್ಲ. ನಂಗೆ ಕಿವಿ ಕೇಳಲ್ಲ. ಬೆಲ್ಲೂ ಕೇಳಲ್ಲ, ಕುಕ್ಕರೂ ಕೇಳಲ್ಲ. ಅದು ನಂಗೆ ಹೇಳ್ತಿತ್ತು, ಅಷ್ಟೆ. ನಾಳೆ ಡಾಕ್ಟರ ಹತ್ರ ಹೋಗಿ ಮಿಷಿನ್ ಹಾಕಿಸ್ಕೊಳ್ತೀನಿ. ಆಮೇಲೆ ಅದೂ ಸುಮ್ನಾಗುತ್ತೆ."

ಮಾಲೀಕರು ಹಗ್ಗ ಬಿಚ್ಚಿದರು. ಆ ಮನುಷ್ಯನ ಗಂಟಲಿನಿಂದ ಅಷ್ಟು ಮೆಲ್ಲನೆಯ ದನಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇರ್ಲಿ ಬಿಡಿ ಅಮ್ಮ. ಇಲ್ಲೇ ಇರ್ಲಿ."

ಚಿಕ್ಕಮ್ಮನಿಗೆ ಕೇಳಿಸಲಿಲ್ಲ. ಅವರು ಇನ್ನೂ ಮಾಲೀಕರ ಮುಖವನ್ನೇ ನೋಡುತ್ತಿದ್ದರು, ತೀರ್ಪಿಗೆ ಕಾಯುವವರ ಹಾಗೆ. ನಾನು ಅವರ ಕಿವಿಯ ಹತ್ತಿರ ಬಾಗಿ, ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಪಾಂಡು ಇಲ್ಲೇ ಇರ್ಲಂತೆ, ಚಿಕ್ಕಮ್ಮ."

"ಮೆತ್ತಗೆ ಮಾತಾಡೋ," ಎಂದರು ಅವರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅಕ್ಕಪಕ್ಕದೋರು ಏನಂದ್ಕೊಳ್ತಾರೆ."