ಬೋರ್ಡಿಗೊಂದು ಮೂಗು

ಮೂಗು ಮುರಿಯುವುದು ನನ್ನ ಹುಟ್ಟುಗುಣ. ಕನ್ನಡಕದ ಅಂಗಡಿ ಇಟ್ಟವನಿಗೆ ದಿನವಿಡೀ ಪರರ ಮೂಗು ನೋಡುವುದೇ ಕಸುಬು. ಇಷ್ಟು ವರ್ಷದಲ್ಲಿ ಒಂದಾದರೂ ನನಗೆ ಒಪ್ಪಿಗೆಯಾಗಿಲ್ಲ. ಚಪ್ಪಟೆ ಮೂಗು, ಸೊಟ್ಟ ಮೂಗು, ಸದಾ ಸೋರುವ ಮೂಗು. ಎಲ್ಲಕ್ಕಿಂತ ಕಡೆ ನನ್ನ ಬಾಮೈದನದು. ಲಿಫ್ಟ್ ರಿಪೇರಿ ಮಾಡುವ ಈ ಮಹಾಶಯನ ಮೂಗು ಗುದ್ದಲಿಯಂತೆ ಮೊದಲು ಒಳಗೆ ಬರುತ್ತದೆ, ಮನುಷ್ಯ ಆಮೇಲೆ ಬರುತ್ತಾನೆ. (ಊಟದ ಹೊತ್ತಿಗೇ ಬರುತ್ತಾನೆ, ಅದು ಬೇರೆ ಮಾತು.)

ಅಂಗಡಿಗೆ ಹೊಸ ಬೋರ್ಡು ಹಾಕಿಸಲು ಹೊರಟಾಗ, ಅದರ ಮೇಲೆ ಕನ್ನಡಕ ಧರಿಸಿದ ನನ್ನ ಭಾವಚಿತ್ರವೇ ರಾರಾಜಿಸಬೇಕೆಂದು ತೀರ್ಮಾನಿಸಿದೆ. ಅಡ್ಡಿಯಾಗಿದ್ದುದು ನನ್ನ ಮೂಗಿನ ನಡುವಿನ ಗೂನು ಒಂದೇ. ಅದನ್ನು ಆಪರೇಷನ್ ಮಾಡಿಸಿ ತೆಗೆಸುತ್ತೇನೆ ಎಂದು ಹೆಂಡತಿಗೆ ಹೇಳಿದೆ.

"ಮೂಗು ಕೆತ್ತಿಸೋ ಬದಲು ಅಂಗಡಿ ಗಾಜು ಒರೆಸ್ರೀ. ಜನ ಒಳಗಾದ್ರೂ ನೋಡ್ತಾರೆ," ಎಂದಳು.

ಇವಳಿಗೆ ಸೌಂದರ್ಯಪ್ರಜ್ಞೆ ಎಂಬುದೇ ಇಲ್ಲ. ಹೋಗಿ ಕೆತ್ತಿಸಿಕೊಂಡೇ ಬಂದೆ.

ಕಣ್ಣಿನ ಸುತ್ತ ನೀಲಿ, ಕೆನ್ನೆಯ ಮೇಲೆ ನೇರಳೆ, ಮುಖವೆಲ್ಲ ಬಾವು. ಡಾಕ್ಟರು ಒಂದು ದಂಡಸಂಹಿತೆಯನ್ನೇ ವಿಧಿಸಿದ್ದರು. ತಲೆ ಎತ್ತರದಲ್ಲಿಟ್ಟು ಮಲಗಬೇಕು, ಬಗ್ಗಬಾರದು, ಉಪ್ಪು ಕಡಿಮೆ ತಿನ್ನಬೇಕು, ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಗಿಡಬೇಕು, ಮೂಗಿಗೆ ಮುಟ್ಟಿಸಬಾರದು. ಕೊನೆಯದಾಗಿ, ತಾವು ಹೇಳುವ ತನಕ ಕನ್ನಡಕ ಹಾಕಬಾರದು. ಕನ್ನಡಕದ ವ್ಯಾಪಾರಿಗೇ ಈ ಮಾತು. ಕನ್ನಡಕವಿಲ್ಲದಿದ್ದರೆ ಹೆಂಡತಿ ಯಾರು, ಬಾಗಿಲಿನ ಪರದೆ ಯಾವುದು ಎಂದು ನನಗೆ ತಿಳಿಯುವುದಿಲ್ಲ. ಪರದೆ ಎದುರು ಮಾತಾಡುವುದಿಲ್ಲ ಎಂಬುದೊಂದೇ ಗುರುತು.

ಡಾಕ್ಟರಿಗೇನು ಗೊತ್ತು ಎಂದುಕೊಂಡು, ಅವಳು ಹೊರಗೆ ಹೋದ ಹೊತ್ತಿನಲ್ಲಿ ಕನ್ನಡಕ ಏರಿಸಿ ಕನ್ನಡಿಯ ಮುಂದೆ ನಿಂತೆ. ಮರುದಿನ ಬಾವು ದುಪ್ಪಟ್ಟಾಯಿತು.

"ಅಂಗಡಿಗೆ ಬಂದೋರಿಗೆಲ್ಲ ಡಾಕ್ಟರ್ ಹೇಳಿದ ಹಾಗೆ ಕೇಳಿ ಅಂತ ಬುದ್ಧಿ ಹೇಳ್ತೀರಲ್ಲ, ನಿಮಗೆ ಯಾರು ಹೇಳೋದು?" ಎಂದವಳೇ ಮನೆಯಲ್ಲಿದ್ದ ಕನ್ನಡಕಗಳನ್ನೆಲ್ಲ ಬಾಚಿ, ಅಂಗಡಿಗೆ ಒಯ್ದು, ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಬೋರ್ಡಿನ ಕೆಲಸ ನಿಲ್ಲುವಂತಿರಲಿಲ್ಲ. ಮನೆಗೇ ಬಂದ ಫೋಟೋದವನು, ಮುಖದ ನೀಲಿಯನ್ನು ಕಂಪ್ಯೂಟರಿನಲ್ಲಿ ಅಳಿಸಿ, ಕನ್ನಡಕವನ್ನೂ ಅಲ್ಲೇ ತೊಡಿಸುವುದಾಗಿ ಹೇಳಿದ. ಬೆಳಕು ಪರೀಕ್ಷಿಸಲು ಮೊದಲು ಬಾಮೈದನನ್ನು ಕೂರಿಸಿ ಒಂದು ತೆಗೆದ, ಆಮೇಲೆ ನನ್ನದು. ಕೆಲವು ದಿನಗಳಲ್ಲಿ ಎರಡೂ ಫೋಟೋಗಳು ಕನ್ನಡಕ ತೊಟ್ಟು ಮನೆಗೆ ಬಂದವು.

"ಬೋರ್ಡಿಗೆ ಯಾವುದು, ನೀವೇ ಹೇಳಿಬಿಡಿ. ಆಮೇಲೆ ನನ್ನನ್ನ ಅನ್ನಬೇಡಿ," ಎಂದು ಹೆಂಡತಿ ಎರಡನ್ನೂ ನನ್ನ ಮುಂದೆ ಹಿಡಿದಳು.

ಒಂದರಲ್ಲಿ ಉಬ್ಬಿದ ಗಲ್ಲಗಳ ನಡುವೆ ಆಲೂಗಡ್ಡೆಯಂಥದ್ದೇನೋ ಮಸುಕಾಗಿ ಕಂಡಿತು.

"ಥೂ, ಇದು ನಿನ್ನ ತಮ್ಮಂದು. ಈ ಮುಖ ನೇತು ಹಾಕಿದ್ರೆ ಇರೋ ಗಿರಾಕಿಗಳೂ ಓಡಿಹೋಗ್ತಾರೆ. ಹರಿದು ಬಿಸಾಡು," ಎಂದೆ.

ಇನ್ನೊಂದನ್ನು ನೋಡಿ ಎದೆಯುಬ್ಬಿತು. "ನೋಡೇ, ಮೂಗು ಅಂದ್ರೆ ಇದು. ಏನು ಗತ್ತು, ಏನು ಗಾಂಭೀರ್ಯ. ಇದೇ ಇರಲಿ."

"ಸರಿಯಾಗಿ ನೋಡಿದ್ರಾ?"

"ಹುಟ್ಟಿದಾಗಿನಿಂದ ಮೂಗು ನೋಡ್ತಿದೀನಿ, ನನಗೇ ಹೇಳ್ಕೊಡ್ತೀಯಾ?"

"ಭಾವ, ಇನ್ನೊಂದ್ಸಲ ನೋಡಿಬಿಡಿ," ಎಂದಿತು ಮೂಲೆಯಿಂದ ಬಾಮೈದನ ದನಿ. ಹೊಟ್ಟೆಕಿಚ್ಚು, ಪಾಪ. ನೋಡಲಿಲ್ಲ.

ಬಾವು ಇಳಿದು, ಡಾಕ್ಟರ ಅಪ್ಪಣೆಯಾಗಿ, ಹೆಂಡತಿ ಕನ್ನಡಕ ವಾಪಸು ಕೊಟ್ಟಳು. ಹಾಕಿಕೊಂಡು, ನೆಟ್ಟಗಾದ ಮೂಗನ್ನು ಮುಂದೆ ಮಾಡಿಕೊಂಡು ಅಂಗಡಿಗೆ ನಡೆದೆ. ಎದುರು ನಿಂತು ಕತ್ತೆತ್ತಿದೆ. ಬೋರ್ಡಿನ ಮೇಲಿಂದ ಆ ಗುದ್ದಲಿ ಮೂಗು, ಕನ್ನಡಕ ತೊಟ್ಟು, ಇಡೀ ಬೀದಿಯನ್ನು ಆಳುತ್ತಿತ್ತು.

"ಅವತ್ತು ಎರಡು ಸಲ ಕೇಳಿದ್ವಿ," ಎಂದಳು ಹೆಂಡತಿ, ಗಲ್ಲಾದ ಹಿಂದಿನಿಂದ.

ನಾಚಿಕೆಯಿಂದ ತಲೆ ತಗ್ಗಿಸಿ ಒಳಗೆ ಕಾಲಿಟ್ಟೆ. ಕನ್ನಡಕ ಸರ್ರನೆ ಮೂಗಿನ ತುದಿಗೆ ಜಾರಿತು. ಇಷ್ಟು ವರ್ಷ ಅದನ್ನು ಹಿಡಿದು ನಿಲ್ಲಿಸಿದ್ದುದು ಆ ಗೂನೇ ಎಂಬುದು, ಊರಿನವರಿಗೆಲ್ಲ ಕನ್ನಡಕ ಕೂರಿಸುವ ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಒಬ್ಬ ಗಿರಾಕಿ ಒಳಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಜಮಾನ್ರು ಇಲ್ವಾ? ಬೋರ್ಡಲ್ಲಿರೋರು?" ಎಂದು ಹೆಂಡತಿಯನ್ನು ಕೇಳಿದ.

"ಊಟದ ಹೊತ್ತಿಗೆ ಬರ್ತಾರೆ," ಎಂದು ಅವಳು ನನ್ನ ಕಡೆ ತಿರುಗಿದಳು. "ರೀ, ಇವರಿಗೊಂದು ಕುರ್ಚಿ ಹಾಕಿ."

ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕುರ್ಚಿ ಹಾಕಿದೆ.